ಮಳೆ ಬರುವಾಗಲೇ ಸ್ಪ್ರಿಂಕ್ಲರ್ ಹಾಕುತ್ತೇವೆ, ತಲೆ ಕೆಟ್ಟಿಲ್ಲ

ಸಮುದ್ರದ ದಡದ ಗಾಲ್ಫ್ ಮೈದಾನ ನೋಡಿದವರು ಸಾಮಾನ್ಯವಾಗಿ ಕೇಳುವುದು, ಈ ಬಿಸಿಲಲ್ಲಿ ಹುಲ್ಲು ಇಷ್ಟು ಹಸಿರಾಗಿ ಹೇಗಿದೆ ಅಂತ. ಬಿಸಿಲು ನಮಗೆ ದೊಡ್ಡ ತಲೆನೋವಲ್ಲ. ಉಪ್ಪು ತಲೆನೋವು.

ನಾನು ಮಾರಿಷಸ್‌ನ ಪೂರ್ವ ಕರಾವಳಿಯ ಒಂದು ರೆಸಾರ್ಟಿನಲ್ಲಿ ಮೈದಾನದ ಹುಲ್ಲು ನೋಡಿಕೊಳ್ಳುವ ತಂಡದಲ್ಲಿದ್ದೇನೆ. ನಮ್ಮೂರು ಸಿಂಧನೂರಿನ ಕಡೆ. ಅಲ್ಲಿ ತುಂಗಭದ್ರಾ ಕಾಲುವೆ ಜೊತೆ ಭತ್ತವೂ ಬಂತು, ಸವಳು-ಜವಳೂ ಬಂತು, ಅಂದರೆ ಮಣ್ಣಿಗೆ ಉಪ್ಪು ಏರಿತು, ಹೊಲದಲ್ಲಿ ನೀರು ನಿಂತಿತು. ಹೊಲದ ಮೇಲೆ ಬಿಳಿ ಪುಡಿ ಕಂಡರೆ ಏನರ್ಥ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೃಷಿ ಓದುವಾಗ ಗಂಗಾವತಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿಗೆ ಹಾಕುವ ಜಿಪ್ಸಂ, ನೀರು ಬಸಿದು ಹೊರಹಾಕುವ ಬಸಿಗಾಲುವೆ ಎಲ್ಲ ನೋಡಿದ್ದೆ. ಶ್ರೀಮಂತರ ಆಟದ ಮೈದಾನದಲ್ಲಿ ಅದೇ ಪಾಠ ನನಗೆ ಸಂಬಳ ಕೊಡಿಸುತ್ತದೆ ಅಂದುಕೊಂಡಿರಲಿಲ್ಲ.

ಇಂಥ ಕಡೆ ಹೆಚ್ಚಾಗಿ ಹಾಕುವ ಹುಲ್ಲು ಸೀಶೋರ್ ಪಾಸ್‌ಪಾಲಂ. ಕಡಲಂಚಿನಲ್ಲಿ ತಾನಾಗೇ ಬೆಳೆಯುವ ಜಾತಿ ಇದು. ಬರ್ಮುಡಾ, ಅಂದರೆ ನಮ್ಮ ಗರಿಕೆಯ ಕುಲದ ಹುಲ್ಲು, ತಡೆಯದಷ್ಟು ಉಪ್ಪನ್ನು ಇದು ತಡೆಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಇದರ ನಡುವೆ ಕಳೆ ಎದ್ದರೆ ಕೆಲವು ಕಡೆ ಉಪ್ಪು ಹಾಕಿಯೇ ಕೊಲ್ಲುತ್ತಾರೆ! ಕಳೆ ಸುಟ್ಟುಹೋಗುತ್ತದೆ, ಹುಲ್ಲು ಉಳಿಯುತ್ತದೆ.

ಹಾಗಂತ ಉಪ್ಪು ಸೇರುತ್ತಾ ಹೋಗಲಿ ಅಂತ ಬಿಡುವಂತಿಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಜೋರು. ಅಲೆಯ ತುಂತುರನ್ನು ತಂದು ದಡದ ಗ್ರೀನ್‌ಗಳ ಮೇಲೆ ಚೆಲ್ಲುತ್ತದೆ. ಗ್ರೀನ್ ಅಂದರೆ ಕುಳಿ ಇರುವ, ನುಣ್ಣಗೆ ಕತ್ತರಿಸಿದ ಜಾಗ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ತೀರಾ ಕಡಿಮೆ. ಆಗ ದಿನಾ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಹೋದರೆ ಉಪ್ಪು ಬೇರಿನ ಹತ್ತಿರವೇ ಕೂತುಬಿಡುತ್ತದೆ.

ಅದಕ್ಕೇ ಆಗಾಗ ಹುಲ್ಲಿಗೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಗೆ ತಳ್ಳಬೇಕು. ಸರಿಯಾಗಿ ಕಟ್ಟಿದ ಗ್ರೀನ್ ಇದಕ್ಕೆ ತಯಾರಾಗಿಯೇ ಇರುತ್ತದೆ: ಮೇಲೆ ಸುಮಾರು 30 ಸೆಂಟಿಮೀಟರ್ ಮರಳು, ಅದರಡಿ 10 ಸೆಂಟಿಮೀಟರ್ ಜಲ್ಲಿ, ಕೆಳಗೆ ಪೈಪು. ನಮ್ಮೂರ ಕಪ್ಪು ಮಣ್ಣಿಗೆ ಈ ಭಾಗ್ಯ ಇಲ್ಲ, ನೀರು ಕೆಳಗೆ ಇಳಿಯುವುದೇ ಇಲ್ಲ. ಸಣ್ಣ ಮಳೆ ಬಂದರೆ ನಾವು ಸ್ಪ್ರಿಂಕ್ಲರ್ ನಿಲ್ಲಿಸುವ ಬದಲು ಹಾಕುತ್ತೇವೆ. ಮಳೆನೀರಿನಲ್ಲಿ ಉಪ್ಪಿಲ್ಲ. ಆದರೆ ಸಣ್ಣ ಮಳೆ ಒಂದಕ್ಕೇ ಉಪ್ಪನ್ನು ಕೆಳಗೆ ತಳ್ಳುವ ಶಕ್ತಿ ಇರಲ್ಲ. ಎರಡೂ ಸೇರಿದರೆ ಕೆಲಸ ಆಗುತ್ತದೆ.

ಇದನ್ನು ಹುಲ್ಲಿಗಿಂತ ಬುಕಿಂಗ್ ಡೆಸ್ಕಿಗೆ ಅರ್ಥ ಮಾಡಿಸುವುದೇ ಕಷ್ಟ. ನೀರು ಬಿಟ್ಟ ಗ್ರೀನ್ ಒಂದಷ್ಟು ಹೊತ್ತು ಮೆತ್ತಗಿರುತ್ತದೆ, ಆಡುವವರ ಮೊದಲ ತಂಡವನ್ನು ತಡವಾಗಿ ಬಿಡಬೇಕು. ಅವರಿಗೆ ಅದು ಹಣದ ಲೆಕ್ಕ. ನಮ್ಮ ಮುಖ್ಯಸ್ಥರು ಮೊದಲೆಲ್ಲ ಮಣ್ಣಿನ ರಿಪೋರ್ಟ್ ಕಳಿಸುತ್ತಿದ್ದರು. ಅದನ್ನು ಯಾರು ಓದುತ್ತಾರೆ ಹೇಳಿ? ಆಮೇಲೆ ಡೆಸ್ಕಿನ ಮೇಡಂ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ದಡದ ಗ್ರೀನ್‌ಗೆ ಕರೆದುಕೊಂಡು ಹೋದೆವು. ಉಪ್ಪಳೆಯುವ ಮೀಟರ್ ಅವರ ಕೈಗೇ ಕೊಟ್ಟೆವು. ನೀರು ಬಿಡುವ ಮೊದಲು ಒಮ್ಮೆ, ಮಾರನೇ ದಿನ ಒಮ್ಮೆ ಅವರೇ ನೋಡಿದರು. ಈಗ ದೊಡ್ಡ ತಂಡ ಬುಕ್ ಮಾಡುವ ಮೊದಲು ಅವರೇ ಫೋನ್ ಮಾಡಿ ಮೀಟರ್ ಎಷ್ಟಿದೆ ಅಂತ ಕೇಳುತ್ತಾರೆ.

ಇನ್ನು ಅತಿಥಿಗಳು. ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ನಾನು ಕನ್ನಡದವನು ಅಂತ ಗೊತ್ತಾದ ತಕ್ಷಣ ಶುರು ಮಾಡಿದರು: "ಏನಪ್ಪಾ, ನಿಮ್ಮ ಗ್ರೀನ್ ಇಷ್ಟು ನಿಧಾನ? ನಮ್ಮ ಕ್ಲಬ್ಬಲ್ಲಿ ಹೀಗಿದ್ರೆ ಜಗಳ ಆಗಿರೋದು."

"ಸಾರ್, ನಿಮ್ಮ ಕ್ಲಬ್ಬಲ್ಲಿ ಇಷ್ಟು ಗಾಳಿ ಇದೆಯಾ?" ಅಂದೆ.

ಗ್ರೀನ್ ತೀರಾ ವೇಗವಾಗಿದ್ದರೆ, ಅಂದರೆ ಹುಲ್ಲನ್ನು ತೀರಾ ಗಿಡ್ಡ ಕತ್ತರಿಸಿ ಚೆಂಡು ಸರ್ರನೆ ಓಡುವಂತಿದ್ದರೆ, ಜೋರು ಗಾಳಿಗೆ ನಿಂತ ಚೆಂಡೂ ಉರುಳುತ್ತದೆ. 2015ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯವನ್ನೇ ಇದೇ ಕಾರಣಕ್ಕೆ ಗಂಟೆಗಟ್ಟಲೆ ನಿಲ್ಲಿಸಿದ್ದರು. ಅದೂ ಅಲ್ಲದೆ, ಕ್ಲಬ್ ಸದಸ್ಯ ವಾರಾ ವಾರ ಆಡುತ್ತಾನೆ, ಗ್ರೀನಿನ ಒಂದೊಂದು ಇಳಿಜಾರೂ ಅವನಿಗೆ ಗೊತ್ತು. ರೆಸಾರ್ಟಿಗೆ ಬರುವವರಲ್ಲಿ ಹೆಚ್ಚಿನವರು ಬಾಡಿಗೆ ಸ್ಟಿಕ್ ಹಿಡಿದು ಒಂದು ಸಲ ಆಡಿ ಹೋಗುತ್ತಾರೆ. ಅವರಿಗೆ ಚೆಂಡು ಸಿಗಬೇಕು, ಊಟದ ಹೊತ್ತಿಗೆ ಆಟ ಮುಗಿಯಬೇಕು. ಮೈದಾನ ಯಾರಿಗಾಗಿ ಇದೆ ಅನ್ನುವುದರ ಮೇಲೆ ಹುಲ್ಲು ಎಷ್ಟು ಕತ್ತರಿಸಬೇಕು ಅನ್ನುವುದು ನಿಂತಿದೆ. ಇದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಲ್ಲ.

ಆ ಹಿರಿಯರಿಗೆ ಹೇಳಿದ್ದನ್ನೇ ಇಲ್ಲಿಗೆ ಆಡಲು ಬರುವವರಿಗೂ ಹೇಳುತ್ತೇನೆ. ಗ್ರೀನಿನ ಹೊರಗಿನಿಂದ ಚೆಂಡನ್ನು ನೆಲದ ಮೇಲೆ ಓಡಿಸಿ ಕುಳಿಗೆ ತಲುಪಿಸಲು ಹೋಗಬೇಡಿ. ಪಾಸ್‌ಪಾಲಂ ದಟ್ಟ ಹುಲ್ಲು, ಅರ್ಧದಲ್ಲೇ ಹಿಡಿದುಬಿಡುತ್ತದೆ. ಎತ್ತಿ ಹೊಡೆದು ಗ್ರೀನ್ ಮೇಲೇ ಬೀಳಿಸಿ. ಗಾಳಿಗೆ ಎದುರಾಗಿ ಹೊಡೆಯುವಾಗ ಮಾತ್ರ ದೊಡ್ಡ ಸ್ಟಿಕ್ ತೆಗೆದುಕೊಂಡು ಮೆಲ್ಲಗೆ, ತಗ್ಗಿಸಿ ಹೊಡೆಯಿರಿ. ಮಳೆಯಲ್ಲಿ ಸ್ಪ್ರಿಂಕ್ಲರ್ ಓಡುತ್ತಿದ್ದರೆ ಆಫೀಸಿಗೆ ಫೋನ್ ಮಾಡಬೇಡಿ, ನಾವೇ ಹಾಕಿರುತ್ತೇವೆ.