"ನೋಡೋಣ" ಅಂದರೆ ಉತ್ತರ ಅಲ್ಲ

ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಾನು ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನಿನ ವಿಷಯದಲ್ಲಿ ಜನರಿಗೆ ನೆರವಾಗುವ ಸ್ವಯಂಸೇವಕಿ. ಮನೆ ಸಾಲದ ಕಂತು ಕಟ್ಟಲಾಗದೆ ಬ್ಯಾಂಕಿನ ನೋಟಿಸ್ ಹಿಡಿದು ಬರುವವರು ಮೊದಲು ಕೂತು ಅಳುತ್ತಾರೆ. ಆಮೇಲೆ ಮಾತು.

ಶುರುವಿನಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಶಹಾಬಾದ್ ಕಲ್ಲು ಹಾಸುವ ಕಾಕಾ ಒಬ್ಬರು ಬಂದಿದ್ದರು. ಕಾಲು ಮುರಿದು ಐದು ತಿಂಗಳ ಕಂತು ನಿಂತಿತ್ತು. ಸೀದಾ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರ್ ಕೂರಿಸಿ, ಚಹಾ ತರಿಸಿ, "ನೋಡೋಣ ಬಿಡ್ರಿ" ಅಂದರು. ಹೊರಗೆ ಬಂದ ಕಾಕಾ, "ಸಾಹೇಬ್ರು ಛಲೋ ಅದಾರ್ರೀ ಅಕ್ಕಾರ" ಅಂದರು. ನಾನೂ ನಂಬಿದೆ. ನಾವು ಬ್ಯಾಂಕಿಗೆ ಒಂದು ಸಾಲೂ ಬರೆದು ಕೊಡಲಿಲ್ಲ.

ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಮನೆಯನ್ನು ಬ್ಯಾಂಕು ವಶಕ್ಕೆ ಪಡೆಯಲು ಬಿಡುವುದು 2002ರ ಸರ್ಫೇಸಿ ಕಾಯ್ದೆ. ಅದರ ನೋಟಿಸಿಗೆ ಬಾಕಿ ಕಟ್ಟಲು 60 ದಿನದ ಗಡುವು. ಆ ಗಡುವು "ನೋಡೋಣ"ದಲ್ಲೇ ಕಳೆದುಹೋಯಿತು. ಒಂದು ದಿನ ಕಾಕಾನ ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ ಹೋದರು. ಅದಾದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು, ನಿಜ. ಆದರೆ ಕೋಲು ಹಿಡಿದು ನಡೆಯುವವರಿಗೆ ರಾತ್ರಿಯಿಡೀ ರೈಲು, ಅಲ್ಲಿ ವಕೀಲರು, ಫೀಸು, ಮತ್ತೆ ಮತ್ತೆ ತಾರೀಖು ಅಂದರೆ ಸುಮ್ನೆ ಮಾತಲ್ಲ.

ಈಗ ಯಾರೇ ಬಂದರೂ ಮೊದಲು ಕೇಳೋದು ನೋಟಿಸ್ ಬಂದ ಕವರ್. ಹೋದ ವರ್ಷ ಟೇಲರಿಂಗ್ ಮಾಡುವ ಅಕ್ಕ ಒಬ್ಬರು ತಂದ ಕವರಿನ ಮೂಲೆಗೆ ಕುಂಕುಮ ಹತ್ತಿತ್ತು. ಇಂಗ್ಲಿಷ್‌ನಲ್ಲಿದೆ ಅಂತ ಒಡೆಯದೆ ದೇವರ ಫೋಟೊ ಹಿಂದೆ ಸಿಕ್ಕಿಸಿ ಇಟ್ಟಿದ್ದರು. ಒಡೆದು ತಾರೀಖು ಎಣಿಸಿದರೆ 41ನೇ ದಿನ. ಅವತ್ತೇ ಕೂತು ಕನ್ನಡದಲ್ಲಿ ಬರೆದೆವು: ಕಂತು ಯಾಕೆ ನಿಂತಿತು, ತಿಂಗಳಿಗೆ ಎಷ್ಟು ಕಟ್ಟಬಲ್ಲೆ, ಯಾವ ಲೆಕ್ಕ ತಾಳೆ ಆಗುತ್ತಿಲ್ಲ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆವು. ಹಾಗೆ ಬರೆದು ಕೊಟ್ಟರೆ, ಒಪ್ಪದಿದ್ದಾಗ ಯಾಕೆ ಒಪ್ಪುವುದಿಲ್ಲ ಅಂತ ಬ್ಯಾಂಕು 15 ದಿನದೊಳಗೆ ಕಾರಣ ಕೊಡಲೇಬೇಕು. ಮಾತು ಅಲ್ಲಿಂದ ಶುರುವಾಗುತ್ತದೆ. ಆ ಅಕ್ಕನಿಗೆ ಬಾಕಿಯನ್ನು ಮೂರು ಸಲ ಕಟ್ಟಲು ಬಿಟ್ಟರು.

ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಹೇಳಲಾರೆ. ಕೆಲವು ಮನೆ ಹೋಗಿವೆ, ನೋಡಿದ್ದೇನೆ. ಆದರೆ ಹರಾಜಿನ ಪ್ರಕಟಣೆ ಬರುವವರೆಗೂ ಪೂರ್ತಿ ಬಾಕಿ, ಖರ್ಚು ಕಟ್ಟಿ ಮನೆ ಉಳಿಸಿಕೊಳ್ಳುವ ಹಕ್ಕು ಇದೆ. ಅದು ಗೊತ್ತಿಲ್ಲದೆ ಗಾಬರಿಯಲ್ಲಿ ಅರ್ಧ ರೇಟಿಗೆ ಮನೆ ಮಾರಿದವರನ್ನು ಕಂಡಾಗ ಜಾಸ್ತಿ ಸಂಕಟ ಆಗುತ್ತದೆ.

ವಸೂಲಿಗೆ ಬಂದವರು ಬೈದರೆ, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಿದರೆ ಅದನ್ನೂ ತಾರೀಖು ಸಮೇತ ಬರೆದಿಡಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ಅಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಓಂಬುಡ್ಸ್‌ಮನ್ ಇದ್ದಾರೆ.

ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ನಮ್ಮಲ್ಲಿ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕೋರ್ಟಿನ ಆವರಣಕ್ಕೆ ಬನ್ನಿ. ಕವರ್ ಒಡೆಯದಿದ್ದರೂ ಪರವಾಗಿಲ್ಲ, ಹಾಗೇ ತನ್ನಿ.