ಹಿಮದ ಕೆಳಗಿನ ಹುಲ್ಲು

ಮಗನ ಹಟಕ್ಕೆ ಹೊರಟ ಪ್ರವಾಸ ಇದು. ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಚಳಿಗಾಲ ಬಂತೆಂದರೆ ಅವನ ಕ್ಲಾಸಿನ ಅರ್ಧ ಮಕ್ಕಳು ಹಿಮದ ಮೇಲೆ ಜಾರೋ ಸ್ಕೀ ಹಲಗೆ ಎತ್ತಿಕೊಂಡು ಆಲ್ಪ್ಸ್ ಕಡೆ ಹೊರಡುತ್ತಾರೆ. "ನಾನೊಬ್ಬನೇ ಹೋಗಿಲ್ಲ ಅಮ್ಮಾ" ಅಂತ ಮೂರು ವರ್ಷದಿಂದ ಹೇಳುತ್ತಿದ್ದ. ಈ ಸಲ ಫೆಬ್ರವರಿ ರಜೆಗೆ ಸ್ವಿಟ್ಜರ್ಲೆಂಡಿನ ವೆಂಗನ್ ಅನ್ನೋ ಊರಲ್ಲಿ ಆರು ದಿನಕ್ಕೆ ಚಿಕ್ಕದೊಂದು ಮನೆ ಬಾಡಿಗೆಗೆ ಹಿಡಿದೆವು. ಅಪ್ಪ ಮಗ ಸ್ಕೀ ಕಲಿಯಲಿ, ನಾನು ಕಿಟಕಿ ಪಕ್ಕ ಕೂತು ಓದಿಕೊಂಡಿರೋಣ ಅಂತ ಎರಡು ಕಾದಂಬರಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಎರಡನ್ನೂ ತೆರೆಯಲಿಲ್ಲ.

ವೆಂಗನ್‌ಗೆ ಕಾರು ಹೋಗೋದಿಲ್ಲ. ಕಣಿವೆಯ ತಳದಲ್ಲಿರೋ ಲೌಟರ್‌ಬ್ರುನನ್‌ನಲ್ಲೇ ಬಿಡಬೇಕು. ನಾವು ರೈಲಿನಲ್ಲೇ ಹೋಗಿದ್ದರಿಂದ ಆ ತಲೆನೋವು ಇರಲಿಲ್ಲ. ಅಲ್ಲಿಂದ ಮೇಲಕ್ಕೆ ಹಳಿಗಳ ನಡುವೆ ಹಲ್ಲಿರೋ ಪುಟ್ಟ ರೈಲು. 1893ರಿಂದ ಓಡುತ್ತಿದೆ. ಕಾಲು ಗಂಟೆಯೊಳಗೆ ಸುಮಾರು ಐನೂರು ಮೀಟರ್ ಮೇಲಕ್ಕೆ ಒಯ್ಯುತ್ತದೆ. ಕೆಳಗೆ ಲೌಟರ್‌ಬ್ರುನನ್‌ನಲ್ಲಿ ಮೂರು ಗಂಟೆಗೇ ನೆರಳು ಕವಿದಿತ್ತು. ಸುಮಾರು ಮುನ್ನೂರು ಮೀಟರ್ ಎತ್ತರದಿಂದ ಬೀಳೋ ಸ್ಟೌಬಾಖ್ ಜಲಪಾತದ ಬದಿಗಳು ಹೆಪ್ಪುಗಟ್ಟಿ, ಬಂಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ರೈಲು ಮರಗಳ ನಡುವಿಂದ ಹೊರಬಂದಾಗ ವೆಂಗನ್ ಮೇಲೆ ಇನ್ನೂ ಬಿಸಿಲಿತ್ತು. ಎದುರಿಗೆ 4158 ಮೀಟರ್ ಎತ್ತರದ ಯುಂಗ್‌ಫ್ರೌ. ಮಗ ಮಾತಾಡೋದನ್ನೇ ನಿಲ್ಲಿಸಿದ.

ಈಗ ಒಂದು ಸಂಕಟದ ವಿಷಯ. ಬೇರೆಯವರಿಗೆ ಹೀಗಾಗಬಾರದು ಅಂತಲೇ ಬರೆಯುತ್ತಿದ್ದೇನೆ.

ಮೊದಲ ಬೆಳಿಗ್ಗೆ ಬಾಡಿಗೆ ಅಂಗಡಿಯಲ್ಲಿ ಬೂಟು ತೆಗೆದುಕೊಂಡೆವು. "ನೀವೂ ಕಲೀರಿ, ಸುಮ್ನೆ ಯಾಕೆ ಕೂರ್ತೀರಿ" ಅಂತ ಅಂಗಡಿಯವನೇ ಹೇಳಿದ. ಮನಸ್ಸು ಕರಗಿತು, ನಾನೂ ಒಂದು ಜೊತೆ ತೆಗೆದುಕೊಂಡೆ. ಜನ ಜಾಸ್ತಿ ಇದ್ದರು. ನನ್ನ ಕಾಲಲ್ಲಿ ಎರಡು ಜೊತೆ ಉಣ್ಣೆ ಸಾಕ್ಸ್ ಇದ್ದದ್ದನ್ನು ಆತ ನೋಡಿಯೂ ಏನೂ ಹೇಳಲಿಲ್ಲ. ಅದಕ್ಕೆ ಹೊಂದುವ ಹಾಗೆ ದೊಡ್ಡ ಬೂಟು ಕೊಟ್ಟು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಎರಡೂ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ನೀಲಿ ಬರೆ. ಒಂದು ದಿನ ಹಾಳಾಯಿತು. ಆಮೇಲೆ ತಿಳಿದದ್ದು ಇಷ್ಟು. ಮೊಣಕಾಲಿನವರೆಗೆ ಬರೋ ತೆಳುವಾದ ಒಂದೇ ಸಾಕ್ಸ್ ಹಾಕಬೇಕು. ನೆಟ್ಟಗೆ ನಿಂತಾಗ ಬೆರಳು ಬೂಟಿನ ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಬೆರಳು ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಒಳಗೆ ಅಲ್ಲಾಡಲೇಬಾರದು. ತೂಕ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳೋ ಬಿಗಿಯನ್ನು ಅದನ್ನು ನೋಡಿಯೇ ಹೊಂದಿಸುತ್ತಾರೆ.

ಇನ್ನೊಂದು ಮಾತು, ಇಳಿಜಾರಿನ ಮೇಲಕ್ಕೆ ಒಯ್ಯೋ ಲಿಫ್ಟಿನ ಪಾಸಿನ ಬಗ್ಗೆ. ಎಲ್ಲಾ ಬೆಟ್ಟಗಳಿಗೂ ಸಲ್ಲೋ ದುಬಾರಿ ಪಾಸನ್ನು ಮೊದಲ ದಿನವೇ ಮೂವರಿಗೂ ತೆಗೆದುಬಿಟ್ಟೆವು. ಹೊಸಬರು ಮೊದಲ ಎರಡು ಮೂರು ದಿನ ಊರೊಳಗಿನ ಚಿಕ್ಕ ಇಳಿಜಾರು ಬಿಟ್ಟು ಎಲ್ಲಿಗೂ ಹೋಗೋದಿಲ್ಲ. ಸ್ಕೀ ಶಾಲೆಯಲ್ಲಿ ಮೊದಲೇ ಕೇಳಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು. ಇವರಿಗೆ ಇವತ್ತಿಗೂ ಅದೇ ಕೊರಗು.

ಹಿಮದ ಬಿಸಿಲನ್ನೂ ಹಗುರಾಗಿ ತಗೋಬೇಡಿ. ನಮ್ಮ ಮೈಬಣ್ಣಕ್ಕೆ ಏನೂ ಆಗಲ್ಲ ಅಂದುಕೊಂಡಿದ್ದೆವು. ಹೊಸ ಹಿಮ ಬಿಸಿಲಿನ ಕಿರಣಗಳನ್ನು ಮುಕ್ಕಾಲು ಪಾಲಿಗಿಂತ ಜಾಸ್ತಿ ಮೇಲಕ್ಕೇ ತಿರುಗಿಸಿ ಎಸೆಯುತ್ತದೆ. ಮಗನ ಗಲ್ಲದ ಕೆಳಗೆ, ಮೂಗಿನ ಅಡಿಯಲ್ಲಿ ಸುಟ್ಟು ಸಿಪ್ಪೆ ಎದ್ದಿತ್ತು.

ಎರಡನೇ ದಿನ ಬೂಟು ಬದಲಿಸಿಕೊಂಡು ಊರ ನಡುವಿನ ಇಳಿಜಾರಿಗೆ ಹೋದೆ. ನಮ್ಮ ದೊಡ್ಡವರ ಗುಂಪಿಗೆ ಕಲಿಸೋರು ಅರವತ್ತು ದಾಟಿದವರು. ಮುಖ ಪೂರ್ತಿ ಗೆರೆ, ಕೈ ಒರಟು. ನಾನು ಮನಸ್ಸಿನಲ್ಲೇ ಮೇಷ್ಟ್ರು ಅಂತ ಕರೆಯುತ್ತಿದ್ದೆ. ಸಿಕ್ಕಿದವರಿಗೆಲ್ಲ "ಗ್ರ್ಯುಸ್ಸೆಖ್" ಅನ್ನುತ್ತಿದ್ದರು, ಅದು ಈ ಕಡೆಯ ನಮಸ್ಕಾರ. ಜ್ಯೂರಿಕ್ ಕಡೆಯ "ಗ್ರ್ಯುಯೆತ್ಸಿ" ಇಲ್ಲಿ ನಡೆಯೋದಿಲ್ಲ. ನನ್ನ ಹತ್ತಿರ ಮಾತ್ರ ನಿಧಾನವಾಗಿ ಶಾಲೆಯ ಜರ್ಮನ್ ಮಾತಾಡಿದರು.

ಅವರು ಮೊದಲು ಕಲಿಸಿದ್ದು ಬಿದ್ದಮೇಲೆ ಏಳೋದನ್ನು. ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಂಡು, ಮೇಲಿನ ಬದಿಗೆ ಕೈಯೂರಿ ಏಳಬೇಕು. ಆಮೇಲೆ ನಿಲ್ಲೋದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂಬದಿ ಅಗಲ, ಹಿಮ್ಮಡಿಯಿಂದ ಹೊರಕ್ಕೆ ಒತ್ತಬೇಕು. ಮಕ್ಕಳಿಗೆ ಇದನ್ನು "ಪಿಜ್ಜಾ" ಅಂತ ಹೇಳಿಕೊಡುತ್ತಾರೆ, ಸ್ಕೀ ಎರಡೂ ನೇರ ಇಟ್ಟರೆ ಆಲೂಗಡ್ಡೆ ಫ್ರೈ. ಪಕ್ಕದ ಗುಂಪಿನಿಂದ ನನ್ನ ಮಗ "ಅಮ್ಮಾ, ಪಿಜ್ಜಾ! ಪಿಜ್ಜಾ!" ಅಂತ ಕೂಗುತ್ತಿದ್ದ. ಆ ಬೆಳಿಗ್ಗೆ ಹನ್ನೊಂದು ಸಲ ಬಿದ್ದೆ. ಹನ್ನೆರಡನೇ ಸಲ ಬೀಳದೆ ಕೆಳಗಿನವರೆಗೆ ಬಂದು, ನಾನಾಗಿಯೇ ನಿಂತಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಷ್ಟು ವರ್ಷವಾಗಿತ್ತೋ ಮೈಯಿಂದ ಒಂದು ಹೊಸ ಕೆಲಸ ಕಲಿತು!

ಮೂರನೇ ದಿನ ಹಿಮ ಸುರಿಯಿತು. ಮಂಜು ಎಷ್ಟು ಕವಿಯಿತೆಂದರೆ ಮುಂದಿನವರ ಜಾಕೆಟ್ ಬಣ್ಣವೂ ಕಾಣದು. ಬಿಳಿ ಆಕಾಶಕ್ಕೆ ಬಿಳಿ ನೆಲ ಸೇರಿಕೊಂಡು, ಇಳಿಜಾರು ಯಾವ ಕಡೆಗಿದೆ ಅನ್ನೋದೂ ಗೊತ್ತಾಗಲಿಲ್ಲ. ಪಾಠ ನಿಂತಿತು. ಉಳಿದವರು ಕಾಫಿ ಕುಡಿಯಲು ಹೋದರು. ನಾನು ಮಗನ ಗುಂಪು ಬಿಡೋವರೆಗೆ ಕಾಯಬೇಕಿತ್ತು. ಇಳಿಜಾರಿನ ಅಂಚಿನಲ್ಲಿ ಮರದ ಗುಡಿಸಲೊಂದಿತ್ತು, ಕಪ್ಪಗಾದ ಹಲಗೆಗಳು, ಅರ್ಧ ಗೋಡೆಯವರೆಗೆ ಹಿಮ. ಅದರ ಸೂರಿನ ಕೆಳಗೆ ಹೋಗಿ ನಿಂತೆ. ಮೇಷ್ಟ್ರೂ ಬಂದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

"ಇದು ಸ್ಕೀ ಇಡೋ ಜಾಗವಾ?" ಅಂತ ಗುಡಿಸಲು ತೋರಿಸಿ ಕೇಳಿದೆ.

"ಅಲ್ಲ, ಹುಲ್ಲು ಇಡೋದು" ಅಂದರು. "ನೀವು ಎರಡು ದಿನದಿಂದ ಬೀಳ್ತಾ ಇರೋದು ಹುಲ್ಲುಗಾವಲಿನ ಮೇಲೆ."

ಗುಡಿಸಲು ಅವರ ನೆಂಟರದ್ದು. ಅಗುಳಿ ಸರಿಸಿ ಬಾಗಿಲು ತೆಗೆದರು. ಒಳಗೆ ಕತ್ತಲೆ. ಆ ಕತ್ತಲೆಯಿಂದ ಒಣಹುಲ್ಲಿನ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ, ಒಳಗೆ ಬೇಸಿಗೆ! ಒಂದು ಹಿಡಿ ಎತ್ತಿ ನನ್ನ ಕೈಗಿಟ್ಟರು. ತೆಳ್ಳಗಿನ ಎಳೆಗಳು, ಇನ್ನೂ ಹಸಿರು ಬಣ್ಣ ಪೂರ್ತಿ ಹೋಗಿರಲಿಲ್ಲ. ನಡುವೆ ಒಣಗಿದ ಹೂವು, ಒಂದು ನೇರಳೆ, ಒಂದು ಹಳದಿ. ಗ್ಲೌಸ್ ತೆಗೆದು ಬರಿಗೈಯಲ್ಲಿ ಮುಟ್ಟಿದೆ. ಗಂಟಲು ಕಟ್ಟಿತು. ನಮ್ಮೂರು ಆಗುಂಬೆ ಹತ್ತಿರ. ಅಟ್ಟದ ಮೇಲಿನ ಹುಲ್ಲಿನಲ್ಲಿ ಆಡಿ ಬೆಳೆದವಳು ನಾನು. ಹದಿನಾಲ್ಕು ವರ್ಷದಲ್ಲಿ ಯುರೋಪಿನ ಯಾವ ಜಾಗವೂ ಹೀಗೆ ಒಂದೇ ಉಸಿರಿಗೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಿರಲಿಲ್ಲ.

ಅದನ್ನು ಅವರಿಗೆ ಹೇಳಿದೆ. ನಮ್ಮಪ್ಪಯ್ಯ ಅಡಿಕೆ ಬೆಳೆಯೋರು, ಮನೆಯಲ್ಲಿ ಈಗಲೂ ಮೂರು ಹಸು ಇವೆ ಅಂತ. ಅಲ್ಲಿಂದ ಮುಂದೆ ಸ್ಕೀ ಮಾತೇ ಬರಲಿಲ್ಲ.

ಅವರೂ ರೈತರು. ಚಳಿಗಾಲದಲ್ಲಿ ಮೇಷ್ಟ್ರು, ಬೇಸಿಗೆಯಲ್ಲಿ ದನ. ಜೂನ್‌ನಲ್ಲಿ ಹಸುಗಳನ್ನು ಮೇಲಿನ ಬೆಟ್ಟದ ಹುಲ್ಲುಗಾವಲಿಗೆ ಹತ್ತಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಇಳಿಸುತ್ತಾರೆ, ಹೆಚ್ಚೂಕಮ್ಮಿ ನೂರು ದಿನ. ಅಷ್ಟು ದಿನ ಕರೆದ ಹಾಲನ್ನು ಅಲ್ಲೇ ತಾಮ್ರದ ಹಂಡೆಯಲ್ಲಿ ಕಾಯಿಸಿ ಚೀಸ್ ಮಾಡುತ್ತಾರೆ. ಹಲವರ ಹಸು ಒಟ್ಟಿಗೆ ಮೇಯುವ ಕಡೆ, ಯಾರ ಹಸು ಎಷ್ಟು ಹಾಲು ಕೊಟ್ಟಿತೋ ಆ ಲೆಕ್ಕದಲ್ಲಿ ಕೊನೆಗೆ ಚೀಸ್ ಪಾಲು. ಇತ್ತ ಊರಿನ ಹತ್ತಿರದ ಇಳಿಜಾರುಗಳಲ್ಲಿ ಹುಲ್ಲು ಕೊಯ್ದು, ಒಣಗಿಸಿ, ಇಂಥ ಗುಡಿಸಲುಗಳಲ್ಲಿ ತುಂಬುತ್ತಾರೆ. ಹಿಮ ಬೀಳೋ ಮುಂಚೆ ಬೇಲಿಯ ಗೂಟ, ತಂತಿ ಎಲ್ಲಾ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಸ್ಕೀ ಮಾಡೋರು ಸಿಕ್ಕಿಹಾಕಿಕೊಳ್ಳುತ್ತಾರೆ. ಹಿಮ ಕರಗಿದ ಮೇಲೆ ಮತ್ತೆ ನೆಡಬೇಕು.

"ಹಿಮ ದಪ್ಪಗಿದ್ದರೆ ಹುಲ್ಲಿಗೆ ಕಂಬಳಿ ಹೊದಿಸಿದ ಹಾಗೆ" ಅಂದರು. "ತೆಳ್ಳಗಿದ್ದರೆ ಕಷ್ಟ. ಸ್ಕೀಯ ಅಂಚು ಚಾಕು ಇದ್ದಂತೆ. ಬೇರನ್ನೇ ಕತ್ತರಿಸಿಬಿಡುತ್ತೆ."

ಅವರು ಹುಡುಗರಾಗಿದ್ದಾಗ ಈ ಇಳಿಜಾರಿನಲ್ಲಿ ಹಿಮ ಕಡಿಮೆ ಅನ್ನೋ ಮಾತೇ ಇರಲಿಲ್ಲವಂತೆ. ಈಗ ಕೆಲವು ವರ್ಷ ಯಂತ್ರದಿಂದ ಹಿಮ ಉಗುಳಿಸಬೇಕು. ಅದಕ್ಕೂ ಚಳಿ ಬೇಕು, ಸೊನ್ನೆಗಿಂತ ಎರಡು ಮೂರು ಡಿಗ್ರಿಯಾದರೂ ಕೆಳಗಿರಬೇಕು.

"ನಿಮ್ಮೂರಲ್ಲಿ ಚಳಿಗಾಲದಲ್ಲಿ ಹಸು ಏನು ಮಾಡ್ತವೆ?" ಅಂತ ಕೇಳಿದರು.

ನಮ್ಮಲ್ಲಿ ಹಸು ಕೊಟ್ಟಿಗೆಯಲ್ಲಿ ಉಳಿಯೋದು ಮಳೆಗಾಲದಲ್ಲಿ ಅಂದೆ. ಬೆಟ್ಟದಿಂದ ಸೊಪ್ಪು ಕಡಿದು ತಂದು ಕೊಟ್ಟಿಗೆಗೆ ಹಾಸೋದು, ದನ ತುಳಿದದ್ದು ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗೋದು, ಎಲ್ಲಾ ಹೇಳಿದೆ. ಅವರ ಗೊಬ್ಬರವೂ ವಸಂತದಲ್ಲಿ ಇದೇ ಇಳಿಜಾರಿಗೆ ಬರುತ್ತದಂತೆ.

"ಮಳೆಗೆ ಹೆದರಿ ದನ ಒಳಗಿಡೋದಾ? ಎಷ್ಟು ಬರುತ್ತೆ ಅಂಥ ಮಳೆ?"

"ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಜಾಸ್ತಿ."

ಅವರು ನನ್ನ ಜರ್ಮನ್ ತಪ್ಪಿರಬೇಕು ಅಂದುಕೊಂಡರು. ಏಳು ನೂರಾ? ಅಲ್ಲ, ಏಳು ಸಾವಿರ. ಬಗ್ಗಿ, ಸ್ಕೀ ಕೋಲಿನ ತುದಿಯಿಂದ ಹಿಮದ ಮೇಲೆ 7000 ಅಂತ ಬರೆದು ನನ್ನ ಮುಖ ನೋಡಿದರು. ನಾನು ಹೌದು ಅಂದೆ. ಒಂದು ಮಿಲಿಮೀಟರ್ ನೀರು ಹಿಮವಾಗಿ ಬಿದ್ದರೆ ಸುಮಾರು ಒಂದು ಸೆಂಟಿಮೀಟರ್ ಆಗುತ್ತದೆ ಅಂತ ಅವರೇ ಲೆಕ್ಕ ಹೇಳಿದರು. 7000ದ ಕೆಳಗೆ ಒಂದು ಗೆರೆ ಎಳೆದು, 70 ಅಂತ ಬರೆದರು. ಎಪ್ಪತ್ತು ಮೀಟರ್ ಹಿಮ.

ತಲೆ ಎತ್ತಿ ಚರ್ಚ್ ಇರೋ ಕಡೆ ನೋಡಿದರು. ಮಂಜಿನಲ್ಲಿ ಗೋಪುರ ಕಾಣುತ್ತಿರಲಿಲ್ಲ. "ಅದೂ ಮುಳುಗಿ ಹೋಗುತ್ತಲ್ಲ" ಅಂದರು ಮೆಲ್ಲಗೆ. ಆಮೇಲೆ, "ಅಷ್ಟು ಮಳೆಯಲ್ಲಿ ನಿಮ್ಮಪ್ಪ ಹುಲ್ಲು ಹೇಗೆ ಒಣಗಿಸ್ತಾರೆ?"

ಇದು ರೈತ ಮಾತ್ರ ಕೇಳೋ ಪ್ರಶ್ನೆ. ನಮ್ಮದು ಭತ್ತದ ಹುಲ್ಲು, ಕೊಯ್ಲು ಮಳೆ ನಿಂತ ಮೇಲೆ, ಬಣವೆ ಒಟ್ಟಿ ಇಡುತ್ತೇವೆ ಅಂದೆ. ಬಣವೆ ಹೇಗಿರುತ್ತೆ ಅಂತ ಅವರಿಗೆ ತಿಳಿಯಬೇಕಿತ್ತು. ನಡುವೆ ನೀರು ಇಳಿಯದ ಹಾಗೆ ಹೇಗೆ ಒಟ್ಟುತ್ತಾರೆ ಅನ್ನೋದನ್ನು ಹಿಮದಲ್ಲೇ ಗುಡ್ಡೆ ಮಾಡಿ ತೋರಿಸಿದೆ. ಮಗ ಬಂದಾಗ ನಾವಿಬ್ಬರೂ ಮಂಡಿಯೂರಿ ಕೂತಿದ್ದೆವು.

ಆಮೇಲಿನ ಎರಡು ದಿನ ಸೊಗಸಾದ ಬಿಸಿಲು. 2061 ಮೀಟರ್ ಎತ್ತರದ ಕ್ಲೈನ ಶೈಡೆಕ್‌ಗೆ ರೈಲಿನಲ್ಲಿ ಹೋಗಿಬಂದೆವು. ಐಗರ್ ಪರ್ವತದ ಉತ್ತರ ಗೋಡೆ ಅಲ್ಲಿ ತಲೆಯ ಮೇಲೇ ನಿಂತಂತಿದೆ. ಅದನ್ನು ಮೊದಲು ಹತ್ತಿ ಮುಗಿಸಿದ್ದು 1938ರಲ್ಲಿ, ನಾಲ್ಕು ಜನ. ದಾರಿಯಲ್ಲಿ ಲೌಬರ್‌ಹಾರ್ನ್ ಸ್ಕೀ ಪಂದ್ಯದ ಇಳಿಜಾರು ಕಂಡಿತು. ನಾಲ್ಕೂವರೆ ಕಿಲೋಮೀಟರ್ ಹತ್ತಿರದ ಆ ಹಾದಿಯಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದರು ಅಂತ ಮಗ ಎಲ್ಲರಿಗೂ ಕೇಳೋ ಹಾಗೆ ಓದಿ ಹೇಳಿದ. ಅಲ್ಲಿಂದ ಇನ್ನೂ ಮೇಲೆ, ಹಿಮದ ನಡುವೆ ರೈಲು ಮುಟ್ಟೋ ಯುಂಗ್‌ಫ್ರೌಯೋಖ್‌ಗೆ ಹೋಗಲಿಲ್ಲ. ಹಿಂದೊಮ್ಮೆ ನೋಡಿದ್ದೆ. ಅಲ್ಲಿ ಸಾಲಿನಲ್ಲಿ ನಿಲ್ಲೋದಕ್ಕಿಂತ ಶೈಡೆಕ್‌ನಲ್ಲಿ ಬೆಂಚಿನ ಮೇಲೆ ಕೂರೋದೇ ನನಗಿಷ್ಟ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ತುರಿದ ಆಲೂಗಡ್ಡೆಯನ್ನು ರೊಟ್ಟಿಯ ಹಾಗೆ ತಟ್ಟಿ, ಹೊರಗೆ ಗರಿಗರಿಯಾಗಿ ಹುರಿದ ರ‍್ಯೋಸ್ಟಿ ಬಲು ರುಚಿ. ಹಂದಿಮಾಂಸ ಸೇರಿಸಿರೋದೂ ಉಂಟು, ಕೇಳಿಯೇ ತಗೊಳ್ಳಿ. ಫಾಂಡ್ಯು ನನಗೆ ಸೇರಲಿಲ್ಲ. ಕರಗಿದ ಚೀಸಿನಲ್ಲಿ ವೈನ್ ಹಾಕಿರುತ್ತಾರೆ, ಆ ಹುಳಿ ವಾಸನೆಗೇ ಹೊಟ್ಟೆ ತುಂಬಿತು. ರಾತ್ರಿ ಮನೆಯಲ್ಲಿ ಮಾಡಿದ ಸಾರು ಅನ್ನವೇ ಮೇಲು.

ಕೊನೆಯ ದಿನ ಹಿಮ ಬದಲಾಗಿತ್ತು. ಬೆಳಿಗ್ಗೆ ರವೆಯ ಹಾಗೆ ಕಿರುಗುಟ್ಟುತ್ತಿದ್ದದ್ದು ಮಧ್ಯಾಹ್ನಕ್ಕೆ ದೋಸೆಹಿಟ್ಟು. ಲಿಫ್ಟ್ ಹತ್ತಿರ ಎಲ್ಲರೂ ತಿರುಗೋ ಜಾಗದಲ್ಲಿ ಒಂದು ಮೊರದಷ್ಟು ನೆಲ ಕಾಣುತ್ತಿತ್ತು. ಕಂದು ಬಣ್ಣದ ಹುಲ್ಲು ಮಣ್ಣಿಗೆ ಅಂಟಿಕೊಂಡು ಮಲಗಿತ್ತು. ನಾನು ಸ್ಕೀ ಕಳಚಿ ಹೆಗಲ ಮೇಲಿಟ್ಟುಕೊಂಡು ಸುತ್ತು ಬಳಸಿ ನಡೆದೆ. ಮಗ ಏನೂ ಕೇಳದೆ ತನ್ನದನ್ನೂ ಕಳಚಿದ.

ಮೇಷ್ಟ್ರ ಮನೆಯಿಂದ ಅರ್ಧ ಕಿಲೋ ಬೆಟ್ಟದ ಚೀಸ್ ಕೊಂಡು ತಂದೆವು. ಸ್ಟುಟ್‌ಗಾರ್ಟ್‌ಗೆ ಬಂದ ರಾತ್ರಿಯೇ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಎಲ್ಲಾ ಹೇಳಿದೆ. ಹಿಮ, ಬೆಟ್ಟ, ರೈಲು ಎಲ್ಲದಕ್ಕೂ ಹೂಂ ಅಂದರು. ಹುಲ್ಲಿನ ಗುಡಿಸಲಿನ ಮಾತು ಬಂದಾಗ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಹಸು ಎಷ್ಟು ಹಾಲು ಕೊಡ್ತದಂತೆ?"

"ಕೇಳಲಿಲ್ಲ ಅಪ್ಪಯ್ಯ."

"ಎಂಥ ಮಾರಾಯ್ತಿ, ಅದನ್ನೇ ಕೇಳ್ಲಿಲ್ವಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಜೂನ್‌ನಲ್ಲಿ ದನ ಹತ್ತಿಸ್ತಾರೆ ಅಂದ್ಯಲ್ಲ, ಆಗ ಹೋಗೋದಾದ್ರೆ ಹೇಳು. ನಂದೂ ಪಾಸ್‌ಪೋರ್ಟ್ ಇದೆ."