ಒಂದೂ ಗೆಲ್ಲದ ಕುದುರೆಗಳ ಓಟವನ್ನು ಯಾಕೆ ಅಷ್ಟು ಗಮನವಿಟ್ಟು ನೋಡ್ತೀರಿ?

ರೇಸ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ದೊಡ್ಡ ಕಪ್ಪುಗಳ ರೇಸ್ ಇರುವಾಗ, ಇನ್ನೂ ಗೆಲುವಿನ ಮುಖ ನೋಡದ ಕುದುರೆಗಳು ಓಡುವ, ಕಣ್ಣು ಬಿಟ್ಟು ಮುಚ್ಚುವಷ್ಟರಲ್ಲಿ ಮುಗಿಯುವ ಆ ಪುಟ್ಟ ಓಟದಲ್ಲಿ ನೋಡೋಕೆ ಏನಿದೆ ಅಂತ.

ತುಂಬಾ ಇದೆ. ಇಂಥ ಕುದುರೆಗೆ ರೇಸಿನವರು ಮೇಡನ್ ಅನ್ನುತ್ತಾರೆ. ಗಂಡೋ ಹೆಣ್ಣೋ ಅನ್ನುವುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಹತ್ತು ಸಲ ಎರಡನೆಯದಾಗಿ ಬಂದದ್ದೂ ಮೇಡನ್ನೇ, ಇವತ್ತೇ ಮೊದಲ ಸಲ ಓಡುತ್ತಿರುವುದೂ ಮೇಡನ್ನೇ. ಒಂದು ಸಲ ಗೆದ್ದರೆ ಮತ್ತೆ ಆ ಓಟಕ್ಕೆ ಬರುವಂತಿಲ್ಲ. ಇಂಥ ಪುಟ್ಟ ಓಟಕ್ಕೆ ಸ್ಪ್ರಿಂಟ್ ಅನ್ನುತ್ತಾರೆ, ಸಾಮಾನ್ಯವಾಗಿ 1000ದಿಂದ 1400 ಮೀಟರ್. ಸಾವಿರ ಮೀಟರಿಗೆ ಹೆಚ್ಚುಕಮ್ಮಿ ಒಂದು ನಿಮಿಷ.

ಆ ಒಂದು ನಿಮಿಷದಲ್ಲಿ ಕುದುರೆ ಕಲಿಯುವುದನ್ನು ಕಣ್ಣಾರೆ ನೋಡಬಹುದು. ನನ್ನನ್ನು ಹಿಡಿದು ನಿಲ್ಲಿಸುವುದು ಅದೇ. ಓಡುವುದನ್ನು ಕುದುರೆಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೈ ತಾಗುವಷ್ಟು ಇಕ್ಕಟ್ಟಿನ ಕಬ್ಬಿಣದ ಗೂಡಿನಲ್ಲಿ ಸುಮ್ನೆ ನಿಲ್ಲುವುದು, ಗೇಟ್ ಧಡಾರನೆ ತೆರೆದಾಗ ಬೆಚ್ಚದೆ ಹಾರುವುದು, ಮುಂದಿನ ಕುದುರೆಯ ಗೊರಸಿನಿಂದ ಮುಖಕ್ಕೆ ಮಣ್ಣು ಎರಚಿದರೂ ತಲೆ ಎತ್ತದೆ ಓಡುವುದು, ಎರಡು ಕುದುರೆಗಳ ನಡುವಿನ ಸಂದಿಯಲ್ಲಿ ಹೆದರದೆ ನುಗ್ಗುವುದು, ಇದೆಲ್ಲ ಕಲಿತೇ ಬರಬೇಕು.

ಉದ್ದದ ಓಟದಲ್ಲಿ ಶುರುವಿನ ತಪ್ಪನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು. ಸ್ಪ್ರಿಂಟಿನಲ್ಲಿ ಅಷ್ಟು ಸಮಯ ಎಲ್ಲಿದೆ? ವೇಗ ಹತ್ತಿದ ಕುದುರೆ ಸೆಕೆಂಡಿಗೆ 16-17 ಮೀಟರ್ ಹೋಗುತ್ತದೆ. ಗೇಟಿನಲ್ಲಿ ಅರ್ಧ ಸೆಕೆಂಡ್ ತಡವಾದರೆ ಕೊನೆಯಲ್ಲಿ ಅದು ಎಂಟು ಮೀಟರ್, ಅಂದರೆ ಮೂರು ಲೆಂಗ್ತಿಗಿಂತ ಜಾಸ್ತಿ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ). ಇನ್ನೊಂದು ವಿಷಯ ಇದೆ, ನನಗೆ ಇದು ಯಾವಾಗಲೂ ಅಚ್ಚರಿಯೇ. ಕುದುರೆ ಬಾಯಿಂದ ಉಸಿರಾಡಲಾರದು, ಮೂಗೊಂದೇ ಗತಿ. ನಾಗಾಲೋಟದಲ್ಲಿ ಒಂದು ದಾಪಿಗೆ ಒಂದೇ ಉಸಿರು. ಗಾಬರಿಯಾಗಿ ಲಗಾಮಿನ ಜೊತೆ ಗುದ್ದಾಡುತ್ತಾ ಹೆಜ್ಜೆಯ ಲಯ ಕೆಡಿಸಿಕೊಂಡರೆ ಉಸಿರೂ ಕೆಡುತ್ತದೆ. ಕೊನೆಯ 200 ಮೀಟರಿನಲ್ಲಿ ಕುದುರೆ ಸೋತು ನಿಂತ ಹಾಗೆ ಕಂಡರೆ ಅದಕ್ಕೆ ಶಕ್ತಿಯೇ ಇಲ್ಲ ಅಂತಲ್ಲ, ಶುರುವಿನಲ್ಲೇ ಸುರಿದುಕೊಂಡಿರಬಹುದು.

ಅದಕ್ಕೇ ಮೇಡನ್ ಸ್ಪ್ರಿಂಟಿನಲ್ಲಿ ಎಷ್ಟನೆಯದಾಗಿ ಬಂತು ಅನ್ನುವುದನ್ನು ಮಾತ್ರ ನೋಡಿ ಕುದುರೆಯನ್ನು ತೂಗಬಾರದು ಅನ್ನುತ್ತೇನೆ. 1972ರ ಜುಲೈ 4ರಂದು ನ್ಯೂಯಾರ್ಕಿನ ಅಕ್ವಿಡಕ್ಟ್ ಟ್ರ್ಯಾಕಿನಲ್ಲಿ ಐದೂವರೆ ಫರ್ಲಾಂಗಿನ, ಅಂದರೆ ಸುಮಾರು 1100 ಮೀಟರಿನ ಮೇಡನ್ ಓಟ ನಡೆಯಿತು. ಒಂದು ಕೆಂಪು ಗಂಡು ಕುದುರೆಗೆ ಅದು ಮೊದಲ ರೇಸ್. ಗೇಟ್ ಬಿಟ್ಟ ಕೂಡಲೇ ಇನ್ನೊಂದು ಕುದುರೆ ಡಿಕ್ಕಿ ಹೊಡೆಯಿತು. ಹಿಂದೆ ಬಿದ್ದು, ಹೇಗೋ ಸುಧಾರಿಸಿಕೊಂಡು ನಾಲ್ಕನೆಯದಾಗಿ ಬಂತು. ಅದೇ ಸೆಕ್ರೆಟೇರಿಯಟ್. 11 ದಿನ ಕಳೆದು ಆರು ಫರ್ಲಾಂಗಿನ ಮೇಡನ್ ಓಟವನ್ನು ಆರು ಲೆಂಗ್ತಿನಿಂದ ಗೆದ್ದಿತು, ಮರುವರ್ಷ ಬೆಲ್ಮಾಂಟ್ ಸ್ಟೇಕ್ಸ್ ಅನ್ನುವ ದೊಡ್ಡ ರೇಸನ್ನು 31 ಲೆಂಗ್ತಿನಿಂದ. ಎಲ್ಲ ಕುದುರೆಗೂ ಆ ಭಾಗ್ಯ ಇರುವುದಿಲ್ಲ, ಅದೂ ನಿಜ. ಜಪಾನಿನ ಹರು ಉರಾರ 113 ಸಲ ಓಡಿತು, ಒಂದು ಸಲವೂ ಗೆಲ್ಲಲಿಲ್ಲ. ಆದರೂ ಅಲ್ಲಿನ ಜನ ಅದನ್ನು ಎಷ್ಟು ಹಚ್ಚಿಕೊಂಡಿದ್ದರು!

ನಾನು ಏನು ನೋಡುತ್ತೇನೆ? ಮೊದಲು ಕಿವಿ. ಹಿಂದೊಮ್ಮೆ ಒಂದು ಎಳೆಯ ಹೆಣ್ಣು ಕುದುರೆ ಮೊದಲ ಸಲ ಓಡುವುದನ್ನು ನೋಡಿದೆ. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸುವ ಅಂಗಳದಲ್ಲಿ, ಅಂದರೆ ಪ್ಯಾಡಾಕಿನಲ್ಲಿ, ಸುತ್ತುವಾಗಲೇ ಕುತ್ತಿಗೆ ಬೆವರಿ ಲಗಾಮಿನ ಅಂಚಿಗೆ ಬಿಳಿ ನೊರೆ ಕಟ್ಟಿತ್ತು. ಗೇಟ್ ತೆರೆದಾಗ ಪಕ್ಕದವು ಹಾರಿದ ಮೇಲೆಯೇ ಇದಕ್ಕೆ ಹೊರಡಬೇಕು ಅಂತ ಹೊಳೆದದ್ದು. ತಿರುವಿನಲ್ಲಿ ಹೊರಗೆ ಹೊರಗೆ ಜಾರಿತು, ಕಿವಿ ಒಂದೊಂದು ದಿಕ್ಕಿಗೆ ತಿರುಗುತ್ತಲೇ ಇತ್ತು. ಕೊನೆಯ ನೂರು ಮೀಟರಿನಲ್ಲಿ ಇದ್ದಕ್ಕಿದ್ದಂತೆ ಎರಡೂ ಕಿವಿ ಹಿಂದಕ್ಕೆ ಮಲಗಿ, ಕುತ್ತಿಗೆ ಚಾಚಿ, ದಾಪು ಉದ್ದವಾಯಿತು. ಜಾಕಿ ಚಾಟಿ ಎತ್ತಿರಲೇ ಇಲ್ಲ. ಎರಡು ಕುದುರೆಗಳನ್ನು ದಾಟಿತು, ಅಷ್ಟರಲ್ಲಿ ರೇಸ್ ಮುಗಿದಿತ್ತು. ಬಂದದ್ದು ಏಳನೆಯದಾಗಿ.

ಜನರೆಲ್ಲ ಗೆದ್ದ ಕುದುರೆಯ ಕಡೆ ತಿರುಗಿದ್ದರು. ನಾನು ಇದನ್ನೇ ನೋಡುತ್ತಿದ್ದೆ, ಯಾಕೆಂದರೆ ಗುರಿ ದಾಟಿದ ಮೇಲೆ ಕುದುರೆ ಹೇಗೆ ಓಡುತ್ತದೆ ಅನ್ನುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ಉಳಿದವು ಒಂದೊಂದಾಗಿ ನಿಧಾನವಾದವು. ಇದು ಮಾತ್ರ ಅವುಗಳನ್ನೆಲ್ಲ ದಾಟಿ ಮುಂದಿನ ತಿರುವಿನವರೆಗೂ ಓಡುತ್ತಲೇ ಇತ್ತು, ಜಾಕಿ ಹಿಂದಕ್ಕೆ ವಾಲಿ ಲಗಾಮು ಜಗ್ಗುತ್ತಿದ್ದ. ಆಗಲೇ ಅದರ ಹೆಸರು ಬರೆದಿಟ್ಟುಕೊಂಡೆ.